ನಮ್ಮ ಮನೆಯ ಲೆಕ್ಕದ ಪುಸ್ತಕ ತೆಗೆಯೋಣ

1779ರಲ್ಲಿ ಚಿತ್ರದುರ್ಗ ಬಿತ್ತು. ಮದಕರಿ ನಾಯಕನನ್ನೂ ಅವನ ಮನೆಮಂದಿಯನ್ನೂ ಹೈದರಾಲಿ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಕಳಿಸಿದ. ಅಷ್ಟಕ್ಕೇ ಮುಗಿಯಲಿಲ್ಲ. ಇಪ್ಪತ್ತು ಸಾವಿರ ಬೇಡರನ್ನು ಊರು ಬಿಡಿಸಿ ಅಲ್ಲಿಗೆ ಸಾಗಿಸಲಾಯಿತೆಂದು, ಅವರ ಗಂಡುಮಕ್ಕಳನ್ನು ಚೇಲಾ ಎಂಬ ಸೇನಾದಳಗಳಿಗೆ ಸೇರಿಸಲಾಯಿತೆಂದು ಬಿ.ಎಲ್. ರೈಸ್ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಹೊಲ, ದೈವ, ಗೋರಿ ಎಲ್ಲವನ್ನೂ ಬಿಟ್ಟು ಒಂದು ಜನಾಂಗವೇ ಕಾಲ್ನಡಿಗೆಯಲ್ಲಿ ಹೋಯಿತು.

ಈ ನೋವು ನಮ್ಮಲ್ಲಿ ಇನ್ನೂ ಹಸಿಯಾಗಿದೆ. ಹಸಿಯಾಗಿರಲಿ, ಇರಬೇಕು. ತ.ರಾ.ಸು. ಅದನ್ನು ‘ದುರ್ಗಾಸ್ತಮಾನ’ವೆಂಬ ಕಾದಂಬರಿಯಾಗಿ ಬರೆದರು. ಹಿರಿಯೂರಿನಲ್ಲಿ, ಹೊಸದುರ್ಗದಲ್ಲಿ, ಹೊಳಲ್ಕೆರೆಯಲ್ಲಿ ಓದು ಬಾರದ ಅಜ್ಜಿಯರು ಕೂಡ ಕೋಟೆಯ ಕಿಂಡಿಯಲ್ಲಿ ಶತ್ರುಗಳನ್ನು ತಡೆದ ಓಬವ್ವನ ಕಥೆ ಹೇಳಬಲ್ಲರು. ನಮ್ಮ ಮೇಲೆ ನಡೆದ ಅನ್ಯಾಯವನ್ನು ಎರಡೂವರೆ ಶತಮಾನ ಎದೆಯಲ್ಲಿಟ್ಟುಕೊಂಡು ಬಂದ ಜನ ನಾವು.

ಹಾಗಾದರೆ ನಾವೇ ಮಾಡಿದ ಅನ್ಯಾಯ ನಮಗೆ ಯಾಕೆ ನೆನಪಿಲ್ಲ?

ಜೀತದ ಮಾತು ಆಡುತ್ತಿದ್ದೇನೆ. ಹಳೆಯ ಕಲ್ಲುಬರಹದ ಮಾತಲ್ಲ ಇದು. ಈ ತಾಲ್ಲೂಕುಗಳಲ್ಲಿ ಇವತ್ತು ಐವತ್ತು ದಾಟಿದ ಯಾರನ್ನು ಬೇಕಾದರೂ ಕೇಳಿ, ತಮ್ಮೂರಿನಲ್ಲಿ ಯಾರ ಮನೆಯಲ್ಲಿ ಯಾರು ಜೀತಕ್ಕಿದ್ದರು ಎಂದು ಹೆಸರು ಹಿಡಿದು ಹೇಳುತ್ತಾರೆ. ಮಗಳ ಮದುವೆಗೋ, ತಾಯಿಯ ತಿಥಿಗೋ, ಬರದ ವರ್ಷ ಒಂದು ಪಲ್ಲ ರಾಗಿಗೋ ಅಪ್ಪ ದೊಡ್ಡ ಮನೆಯಲ್ಲಿ ಕೈಸಾಲ ತರುತ್ತಿದ್ದ. ಅಡವಿಡಲು ಹೊಲವಿಲ್ಲ, ಒಡವೆಯಿಲ್ಲ, ಮಗನಿದ್ದ. “ಹುಡುಗನ್ನ ಸಂಬಳಕ್ಕೆ ಬಿಡು” ಎಂಬ ಒಂದು ಮಾತಿನಲ್ಲಿ ಎಂಟು ಹತ್ತು ವರ್ಷದ ಕೂಸಿನ ಬಾಳು ತೀರ್ಮಾನವಾಗುತ್ತಿತ್ತು. ಕೋಳಿ ಕೂಗುವ ಮೊದಲೇ ಎದ್ದು ಸಗಣಿ ಬಾಚಬೇಕು, ನೀರು ಸೇದಬೇಕು, ಕುರಿ ಹೊಡೆದುಕೊಂಡು ಗುಡ್ಡ ಹತ್ತಬೇಕು. ಒಂದು ಮರಿ ತೋಳದ ಪಾಲಾದರೆ ಅದರ ಬೆಲೆ ಸಾಲಕ್ಕೆ ಸೇರುತ್ತಿತ್ತು. ಜ್ವರ ಬಂದು ಮಲಗಿದ ದಿನವೂ ಸಾಲಕ್ಕೆ ಸೇರುತ್ತಿತ್ತು. ಹೊದೆಯಲು ಕೊಟ್ಟ ಹಳೆಯ ಕಂಬಳಿಯೂ ಸೇರುತ್ತಿತ್ತು. ಮಲಗುವುದು ಕೊಟ್ಟಿಗೆಯಲ್ಲಿ, ದನದ ಪಕ್ಕದಲ್ಲಿ. ಉಣ್ಣುವುದು ಹೊರಗೆ, ತಟ್ಟೆಗೆ ತಾಗದಂತೆ ಮೇಲಿನಿಂದ ಹಾಕಿದ ಮುದ್ದೆ. ಯುಗಾದಿ ಬಂತೆಂದರೆ ಲೆಕ್ಕ. ಲೆಕ್ಕ ಬರೆದವರಿಗೆ ಅಕ್ಷರ ಬರುತ್ತಿತ್ತು, ಹೆಬ್ಬೆಟ್ಟು ಒತ್ತಿದವರಿಗೆ ಬರುತ್ತಿರಲಿಲ್ಲ. ವರ್ಷವಿಡೀ ದುಡಿದರೂ ಸಾಲ ಹೋದ ವರ್ಷಕ್ಕಿಂತ ಹೆಚ್ಚೇ ಇರುತ್ತಿತ್ತು. ಅಪ್ಪ ಸತ್ತರೆ ಮಗ ತೀರಿಸಬೇಕು. ಮಗನ ಕೈಲಾಗದಿದ್ದರೆ ಅವನ ಮಗ.

ಆ ಕೂಸುಗಳು ಯಾರ ಮಕ್ಕಳು? ಬಹುಪಾಲು ಮಾದಿಗರ, ಹೊಲೆಯರ ಮಕ್ಕಳು. ಭೋವಿಗಳ, ತಾಂಡಾಗಳ ಮಕ್ಕಳು. ಬಡ ನಾಯಕರ ಮಕ್ಕಳೂ ಇದ್ದರು. ಅಂದರೆ 1779ರಲ್ಲಿ ಯಾರ ಸಾಗಾಟವನ್ನು ನೆನೆದು ನಾವು ಇವತ್ತಿಗೂ ಕಣ್ಣೊರೆಸಿಕೊಳ್ಳುತ್ತೇವೋ, ಅದೇ ಕುಲದ ಹುಡುಗರು ನಮ್ಮ ಕೊಟ್ಟಿಗೆಗಳಲ್ಲಿ ಮಲಗಿದ್ದರು. ನಮ್ಮ ಎಂದು ಬೇಕೆಂತಲೇ ಹೇಳುತ್ತಿದ್ದೇನೆ. ಹೊಲವಿದ್ದ ಮನೆಗಳಲ್ಲಿ ಹುಟ್ಟಿದವರಿಗಾಗಿ ಈ ಬರಹ. ಜೀತ ಮಾಡಿದವರ ಮಕ್ಕಳಿಗೆ ನಾನು ಹೊಸದಾಗಿ ಹೇಳಬೇಕಾದ್ದು ಏನೂ ಇಲ್ಲ, ಅವರಿಗೆ ಎಲ್ಲ ಗೊತ್ತಿದೆ.

ಸಂವಿಧಾನದ 23ನೇ ವಿಧಿ 1950ರ ಜನವರಿ 26ರಿಂದಲೇ ಬಿಟ್ಟಿ ಚಾಕರಿಯನ್ನು ನಿಷೇಧಿಸಿತ್ತು. ಆದರೂ ಜೀತ ರದ್ದತಿಗೆಂದೇ ಒಂದು ಕಾಯ್ದೆ ಬರಲು ಕಾಲು ಶತಮಾನ ಹಿಡಿಯಿತು. 1975ರ ಅಕ್ಟೋಬರ್ ತಿಂಗಳ ಸುಗ್ರೀವಾಜ್ಞೆ, 1976ರ ಕಾಯ್ದೆ. ಅದರ ಮಾತು ನೇರವಾಗಿದೆ: ಜೀತಕ್ಕೆ ಕಾರಣವಾದ ಸಾಲವೆಲ್ಲ ಅಳಿಸಿಹೋಯಿತು, ತೀರಿಸಬೇಕಾದ್ದಿಲ್ಲ. ಜೀತ ಎಂದರೆ ಯಾವುದು ಎಂದು ಹೇಳುವಾಗ ಆ ಕಾಯ್ದೆ ಮುಂಗಡವನ್ನು ಹೆಸರಿಸುತ್ತದೆ, ಹಿರಿಯರು ಮಾಡಿದ ಸಾಲವನ್ನು ಹೆಸರಿಸುತ್ತದೆ, ಇಂಥ ಜಾತಿಯಲ್ಲಿ ಹುಟ್ಟಿದ್ದನ್ನೂ ಹೆಸರಿಸುತ್ತದೆ. ದೆಹಲಿಯಲ್ಲಿ ಕಾಯ್ದೆ ಬರೆದವರಿಗೆ ಕಂಡ ಜಾತಿ, ಊರಿನ ಕಟ್ಟೆಯ ಮೇಲೆ ಕೂತ ನಮಗೆ ಕಾಣಲಿಲ್ಲ. ಆಗ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದ ಹರಿಹರದಲ್ಲಿ ಹುಟ್ಟಿದ ಬಿ. ಕೃಷ್ಣಪ್ಪ ಮತ್ತು ಅವರ ಜೊತೆಗಾರರು ದಲಿತ ಸಂಘರ್ಷ ಸಮಿತಿ ಕಟ್ಟಿ ಹಳ್ಳಿ ಹಳ್ಳಿಯಲ್ಲಿ ಇದನ್ನು ಕೂಗಿ ಹೇಳಿದಾಗಲೂ, ಊರು ಕೆಡಿಸಲು ಬಂದವರು ಎಂದವರು ನಮ್ಮಲ್ಲಿ ಕಡಿಮೆಯಿರಲಿಲ್ಲ.

ಈಗ ಸ್ವಲ್ಪ ದೂರ ಹೋಗಿ ನೋಡೋಣ. ನಾಚಿಕೆಗೂ ನಡತೆಗೂ ಅಲ್ಲಿ ಪಾಠವಿದೆ.

ಹದಿನಾರನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಯುರೋಪಿನ ವ್ಯಾಪಾರಿಗಳು ಸುಮಾರು 1 ಕೋಟಿ 25 ಲಕ್ಷ ಆಫ್ರಿಕನ್ನರನ್ನು ಹಡಗಿಗೆ ತುಂಬಿ ಅಟ್ಲಾಂಟಿಕ್ ದಾಟಿಸಲು ಹೊರಟರು. ಹತ್ತಿರ ಹತ್ತಿರ 18 ಲಕ್ಷ ಮಂದಿ ದಾರಿಯಲ್ಲೇ ಸತ್ತರು. 1781ರಲ್ಲಿ ಝಾಂಗ್ ಎಂಬ ಹಡಗಿನವರು ನೂರಮೂವತ್ತಕ್ಕೂ ಹೆಚ್ಚು ಜೀವಂತ ಮನುಷ್ಯರನ್ನು ಸಮುದ್ರಕ್ಕೆ ಎಸೆದರು. ನಂತರ ಹಡಗಿನ ಮಾಲೀಕರು ನಷ್ಟವಾದ ಸರಕಿಗೆಂದು ವಿಮೆ ಕೇಳಿದರು. ಆ ಮೊಕದ್ದಮೆ ಲಂಡನ್ನಿನಲ್ಲಿ ನಡೆದದ್ದು ಕೊಲೆಯ ಮೇಲಲ್ಲ, ವಿಮೆಯ ಹಣದ ಮೇಲೆ. 1833ರಲ್ಲಿ ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡಿದಾಗ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು, ಗುಲಾಮರಿಗಲ್ಲ, ಅವರ ಒಡೆಯರಿಗೆ. ಅದಕ್ಕೆ ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಬಂಡೆದ್ದು ತಾವೇ ಸ್ವತಂತ್ರರಾದ ಹೈಟಿಯ ಜನರ ಮೇಲೆ 1825ರಲ್ಲಿ ಫ್ರಾನ್ಸ್ 15 ಕೋಟಿ ಫ್ರಾಂಕ್ ದಂಡ ಹೇರಿತು, ತಮ್ಮ ಬಿಡುಗಡೆಯ ಬೆಲೆಯನ್ನು ತಾವೇ ಕಟ್ಟಬೇಕೆಂದು. ಆ ಸಾಲದ ಬಾಲ 1947ರವರೆಗೂ ಅವರ ಕೊರಳಲ್ಲಿತ್ತು. ಯುಗಾದಿಯ ಲೆಕ್ಕ ಕಂಡ ನಮಗೆ ಈ ಲೆಕ್ಕ ಹೊಸದಾಗಿ ಕಾಣುತ್ತದೆಯೇ?

ಜೀತವೂ ಆ ಗುಲಾಮಗಿರಿಯೂ ಒಂದೇ ಎಂದು ನಾನು ಹೇಳುತ್ತಿಲ್ಲ. ಸಮುದ್ರದಾಚೆ ಸಾಗಿಸಿ, ಹೆಸರು, ಭಾಷೆ, ದೇವರು ಎಲ್ಲ ಕಿತ್ತುಕೊಂಡು, ಹಡಗಿನ ಹೊಟ್ಟೆಯಲ್ಲಿ ಸರಪಳಿಯಲ್ಲಿ ಮಲಗಿಸಿದ ಆ ಘೋರಕ್ಕೆ ಅದರದೇ ಲೆಕ್ಕವಿದೆ. ಆ ವ್ಯಾಪಾರದಿಂದ ನಮ್ಮ ನೆಲ ಪೂರ್ತಿ ಹೊರಗೂ ಇರಲಿಲ್ಲ. ಆಫ್ರಿಕಾದ ಕರಾವಳಿಯಲ್ಲಿ ಮನುಷ್ಯರನ್ನು ಕೊಳ್ಳಲು ಕೊಟ್ಟ ಸರಕಿನಲ್ಲಿ ಭಾರತದ ಹತ್ತಿಬಟ್ಟೆ ದೊಡ್ಡ ಪಾಲು. ಹಿಂದೂ ಮಹಾಸಾಗರದ ಈ ಬದಿಗೆ ಪೋರ್ಚುಗೀಸರು ಗೋವೆಗೆ ತಂದ ಆಫ್ರಿಕನ್ನರಲ್ಲಿ ಕೆಲವರು ತಪ್ಪಿಸಿಕೊಂಡು ನಮ್ಮ ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲೆಯ ಸಿದ್ದಿಗಳು ನಮ್ಮವರೇ, ನಮ್ಮ ನುಡಿಯನ್ನೂ ಆಡುವವರೇ. ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಗಲು 2003 ಬರಬೇಕಾಯಿತು.

ನನ್ನನ್ನು ಹೆಚ್ಚು ತಟ್ಟಿದ್ದು ಆ ಅಪರಾಧದ ಗಾತ್ರಕ್ಕಿಂತ, ಅದನ್ನು ಮಾಡಿದವರ ಮೊಮ್ಮಕ್ಕಳು ಈಗ ನಡೆದುಕೊಳ್ಳುತ್ತಿರುವ ರೀತಿ. ಪೂರ್ತಿ ಅಲ್ಲ, ಎಲ್ಲರೂ ಅಲ್ಲ, ತಡವಾಗಿ, ಆದರೂ ಶುರುಮಾಡಿದ್ದಾರೆ. 1999ರಲ್ಲಿ ಲಿವರ್‌ಪೂಲ್ ನಗರಸಭೆ ಕ್ಷಮೆ ಕೇಳಿತು. ಗ್ಲಾಸ್ಗೋ ವಿಶ್ವವಿದ್ಯಾಲಯ ತನ್ನ ಹಳೆಯ ದಾನಗಳ ಕಡತ ಬಿಚ್ಚಿ ಯಾವ ಹಣ ಎಲ್ಲಿಂದ ಬಂತೆಂದು ಬರೆದು ಪ್ರಕಟಿಸಿತು, ಹಣವನ್ನೂ ತೆಗೆದಿರಿಸಿತು. 2023ರ ಜುಲೈ 1ರಂದು ನೆದರ್ಲೆಂಡ್ಸ್‌ನ ದೊರೆ ಜನರೆದುರು ನಿಂತು ಕ್ಷಮೆ ಬೇಡಿದ. ಇವೆಲ್ಲಕ್ಕಿಂತ ನಮಗೆ ಹತ್ತಿರದ್ದು ಇನ್ನೊಂದು. ಆಫ್ರಿಕಾದ ಬೆನಿನ್ ದೇಶದ ಅಧ್ಯಕ್ಷ ಮಾಥ್ಯೂ ಕೆರೆಕು 1999ರಲ್ಲಿ ಅಮೆರಿಕದ ಬಾಲ್ಟಿಮೋರಿನ ಒಂದು ಚರ್ಚಿನಲ್ಲಿ ಕರಿಯ ಜನರ ಮುಂದೆ ಮಂಡಿಯೂರಿದ. ಅವನ ನಾಡಿನ ಹಿಂದಿನ ಅರಸರು ತಮ್ಮ ನೆರೆಯವರನ್ನೇ ಹಿಡಿದು ಬಿಳಿಯರಿಗೆ ಮಾರಿದ್ದರು. ಬಿಳಿಯರ ಮೇಲೆ ಹೊರೆ ಹಾಕಿ ಸುಮ್ಮನಿರಬಹುದಿತ್ತು, ಕೇಳುವವರು ಯಾರೂ ಇರಲಿಲ್ಲ. ಅವನು ಮಂಡಿಯೂರಿದ.

ನಾವು ಏನು ಮಾಡಿದೆವು? 2001ರಲ್ಲಿ ಡರ್ಬನ್ನಿನಲ್ಲಿ ವಿಶ್ವಸಂಸ್ಥೆಯ ಜನಾಂಗಭೇದ ವಿರೋಧಿ ಸಮ್ಮೇಳನ ನಡೆದಾಗ, ಗುಲಾಮರ ವ್ಯಾಪಾರ ಮನುಕುಲದ ಮೇಲಿನ ಅಪರಾಧವೆಂದು ಅಲ್ಲಿ ಘೋಷಿಸಿದರು. ಅದೇ ಸಭೆಯಲ್ಲಿ ಜಾತಿಯ ಮಾತನ್ನೂ ಎತ್ತಿ ಎಂದು ದಲಿತ ಸಂಘಟನೆಗಳು ಕೇಳಿಕೊಂಡವು. ಬೇಡ, ಅದು ನಮ್ಮ ಮನೆಯ ವಿಷಯ ಎಂದಿತು ನಮ್ಮ ಸರ್ಕಾರ. ಮನೆಯ ವಿಷಯವೇ ಆಗಲಿ. ಮನೆಯಲ್ಲಾದರೂ ಮಾತಾಡಿದೆವೆ?

ಮಾತು ತೆಗೆದರೆ ಬರುವ ಉತ್ತರಗಳು ನನಗೆ ಗೊತ್ತು. “ಅವನನ್ನು ಮನೆಮಗನ ಹಾಗೆ ನೋಡಿಕೊಂಡೆವು” ಎನ್ನುತ್ತಾರೆ. ಮನೆಮಗನಿಗೆ ನಡುಮನೆಯಲ್ಲಿ ಹಾಸಿಗೆ ಇತ್ತು, ಹೊಲದಲ್ಲಿ ಪಾಲಿತ್ತು, ಶಾಲೆಯ ದಾಖಲೆಯಲ್ಲಿ ಹೆಸರಿತ್ತು. ಇವನಿಗೆ ಇವುಗಳಲ್ಲಿ ಯಾವುದು ಸಿಕ್ಕಿತು? “ಈಗ ಕಾಲ ಬದಲಾಗಿದೆ, ಆಳೇ ಸಿಗೋದಿಲ್ಲ” ಎನ್ನುತ್ತಾರೆ, ಅದೇ ಒಂದು ನಷ್ಟವೆಂಬಂತೆ. “ಆಗಿನ ಕಾಲ ಹಾಗಿತ್ತು” ಎಂಬುದು ಎಲ್ಲಕ್ಕಿಂತ ಹೆಚ್ಚು ಕೇಳುವ ಮಾತು. ಇದಕ್ಕೆ ಉತ್ತರ ಹೊಳಲ್ಕೆರೆ ತಾಲ್ಲೂಕಿನಲ್ಲೇ ಇದೆ. ನುಲೇನೂರಿನಲ್ಲಿ ನುಲಿಯ ಚಂದಯ್ಯನ ಗದ್ದುಗೆಯಿದೆ. ಹನ್ನೆರಡನೆಯ ಶತಮಾನದ ಶರಣ, ಹಗ್ಗ ಹೊಸೆದು ಮಾರಿ ಬದುಕಿದವನು. ಕಳಚಿ ಬಿದ್ದ ಲಿಂಗವೇ ಬಂದು ಬೇಡಿಕೊಂಡರೂ, ನೀನೂ ದುಡಿ ಎಂದವನು ಎಂದು ಅವನ ಕಥೆ ಹೇಳುತ್ತದೆ. ಇನ್ನೊಬ್ಬರ ಬೆವರಿನಲ್ಲಿ ಕೂತು ಉಣ್ಣುವುದು ತಪ್ಪೆಂದು ಎಂಟುನೂರು ವರ್ಷದ ಹಿಂದೆಯೇ ನಮ್ಮ ಮಣ್ಣಿನಲ್ಲಿ ಹೇಳಿದ್ದರು. ಜಾತ್ರೆ ಮಾಡಿದೆವು, ಜಯಂತಿ ಮಾಡಿದೆವು. ಕಾಲ ಹಾಗಿರಲಿಲ್ಲ, ನಮಗೆ ಬೇಕಾದಂತೆ ಇಟ್ಟುಕೊಂಡೆವು.

“ನಾನು ಮಾಡಿದ್ದಲ್ಲವಲ್ಲ, ಅಜ್ಜ ಮಾಡಿದ್ದು” ಎನ್ನುವ ಹುಡುಗರೂ ಇದ್ದಾರೆ. ನಿಜ, ತಮ್ಮಾ, ನೀನು ಮಾಡಿದ್ದಲ್ಲ. ಆದರೆ ಅಜ್ಜನ ಅಡಿಕೆ ತೋಟ ಬೇಕು, ಅಜ್ಜನ ಹೆಸರಿನ ಪಹಣಿ ಬೇಕು, ಆ ತೋಟಕ್ಕೆ ಗುಂಡಿ ತೋಡಿ ನೀರು ಹೊತ್ತವನ ಬಾಕಿ ಮಾತ್ರ ಬೇಡ ಎನ್ನುವುದು ಹೇಗೆ? ಆಸ್ತಿ ಬಂದ ದಾರಿಯಲ್ಲೇ ಋಣವೂ ಬರುತ್ತದೆ. ಅಪ್ಪನ ಸಾಲವನ್ನು ಮಗ ತೀರಿಸಲೇಬೇಕೆಂದು ಜೀತದ ಮನೆಗೆ ಕಲಿಸಿದವರು ನಾವೇ.

ಇದು ಮುಗಿದ ಕಥೆಯೂ ಅಲ್ಲ. ಕೊಟ್ಟಿಗೆಯ ಜೀತ ಕಡಿಮೆಯಾಗಿದೆ, ಮುಂಗಡ ಉಳಿದಿದೆ. ಇಟ್ಟಿಗೆ ಗೂಡಿಗೆ, ಶುಂಠಿ ಹೊಲಕ್ಕೆ, ಕಬ್ಬು ಕಡಿಯಲು, ಘಟ್ಟದ ತೋಟಕ್ಕೆ ಗಂಡ ಹೆಂಡತಿ ಮಕ್ಕಳೆಲ್ಲ ಮೇಸ್ತ್ರಿಯ ಮುಂಗಡ ಹಿಡಿದು ಹೋಗುತ್ತಾರೆ. ಹಣ ತೀರುವವರೆಗೆ ಊರಿನ ದಾರಿ ಇಲ್ಲ. ಮುಂಗಡ ಪಡೆದು ಕೆಲಸ ಬಿಟ್ಟ ಕೂಲಿಯನ್ನು ಅಪರಾಧಿಯಾಗಿಸುವ ಕಾಯ್ದೆಯನ್ನು ಬ್ರಿಟಿಷರು 1859ರಲ್ಲಿ ಮಾಡಿ 1925ರಲ್ಲಿ ಕೈಬಿಟ್ಟರು. ಕಾಯ್ದೆ ಹೋಯಿತು, ಫೋನು ಕಿತ್ತುಕೊಳ್ಳುವ, ಆಧಾರ್ ಕಾರ್ಡ್ ಇಟ್ಟುಕೊಳ್ಳುವ ಕೈ ಹೋಗಲಿಲ್ಲ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ, ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಮೊಕದ್ದಮೆಯಲ್ಲಿ ಹೇಳಿದೆ. ಆ ಅಳತೆ ಹಿಡಿದು ನಮ್ಮ ಹೊಲ, ತೋಟ, ಗೂಡು, ಕೋಳಿ ಫಾರಂಗಳನ್ನು ಅಳೆದರೆ ಎಷ್ಟು ಮಂದಿ ತಲೆಯೆತ್ತಿ ನಿಲ್ಲಬಹುದು?

ಹೀಗಿರುವಾಗ ನಾನು ಕೇಳುವುದು ಕಣ್ಣೀರನ್ನಲ್ಲ. ಕೆಲಸ ಕೇಳುತ್ತಿದ್ದೇನೆ.

ಹೊಲವಿದ್ದ ಮನೆಯವರೇ, ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿ. ಅಜ್ಜನ ಲೆಕ್ಕದ ಪುಸ್ತಕ, ಕರಾರು ಪತ್ರ, ಹೆಬ್ಬೆಟ್ಟಿನ ಕಾಗದ ಇದ್ದರೆ ಸುಡಬೇಡಿ. ಅದರಲ್ಲಿರುವ ಹೆಸರುಗಳನ್ನು ಓದಿ. ಆ ಹೆಸರಿನವರ ಮಕ್ಕಳು ಬಹುಶಃ ನಿಮ್ಮೂರಿನ ಕಾಲೊನಿಯಲ್ಲೇ ಇದ್ದಾರೆ. ಅವರ ಮನೆಗೆ ನೀವೇ ಹೋಗಿ, ಅವರನ್ನು ಕರೆಸಬೇಡಿ. ನಮ್ಮ ಮನೆಯಲ್ಲಿ ನಿಮ್ಮ ಅಪ್ಪನಿಗೆ ಅನ್ಯಾಯವಾಯಿತು ಎಂದು ಬಾಯಿಬಿಟ್ಟು ಹೇಳಿ. ಅವರು ಬೈದರೆ ಕೇಳಿಸಿಕೊಳ್ಳಿ. ಕೊಡಲು ನೆಲವಿದ್ದರೆ ನೆಲ ಕೊಡಿ, ಇಲ್ಲವಾದರೆ ಆ ಮನೆಯ ಮಗುವಿನ ಓದು ಮುಗಿಯುವವರೆಗೆ ನಿಲ್ಲಿ. ದಾನವೆಂದು ಅಲ್ಲ, ಬಾಕಿ ಎಂದು.

ಮಠ, ದೇವಸ್ಥಾನ, ಹಳೆಯ ಸಂಸ್ಥೆಗಳ ಹಿರಿಯರೇ, ನಿಮ್ಮ ಜಮೀನು ಯಾರ ರಟ್ಟೆಯಿಂದ ಹಸಿರಾಯಿತೆಂದು ನೀವೇ ಹುಡುಕಿಸಿ ಬರೆಸಿ. ಗ್ಲಾಸ್ಗೋದವರಿಗೆ ಸಾಧ್ಯವಾದದ್ದು ನಿಮಗೆ ಯಾಕೆ ಆಗದು? ಮೇಷ್ಟರೇ, ಮಕ್ಕಳನ್ನು ಏಳು ಸುತ್ತಿನ ಕೋಟೆ ತೋರಿಸಲು ಕರೆದೊಯ್ದಾಗ ಓಬವ್ವನ ಕಿಂಡಿಯ ಜೊತೆಗೆ ಆ ಕಲ್ಲು ಹೊತ್ತವರು ಯಾರು, ಅವರಿಗೆ ಕೂಲಿ ಸಿಕ್ಕಿತೇ ಎಂದೂ ಕೇಳಿಸಿ. ಜೀತ ಮಾಡಿದ ಹಿರಿಯರು ಇನ್ನೂ ಬದುಕಿದ್ದಾರೆ. ಅವರ ಮಾತನ್ನು ಇವತ್ತೇ ಬರೆದುಕೊಳ್ಳಿ, ಅವರ ಒಪ್ಪಿಗೆ ಪಡೆದು.

ಎಲ್ಲರಿಗೂ ಇನ್ನೊಂದು ಮಾತು. ನಿಮ್ಮ ಕಣ್ಣೆದುರು ಯಾರಾದರೂ ಮುಂಗಡಕ್ಕೆ ಕಟ್ಟಿಬಿದ್ದು ದುಡಿಯುತ್ತಿದ್ದರೆ, ಯಾವುದೋ ಹುಡುಗ ಶಾಲೆಯ ಹೊತ್ತಿನಲ್ಲಿ ಕುರಿ ಕಾಯುತ್ತಿದ್ದರೆ, ಉಪವಿಭಾಗಾಧಿಕಾರಿಗೋ ಜಿಲ್ಲಾಧಿಕಾರಿಗೋ ಒಂದು ಅರ್ಜಿ ಬರೆಯಿರಿ. ವಿಚಾರಣೆ ಮಾಡುವುದು ಅವರ ಕರ್ತವ್ಯವೆಂದು 1976ರ ಕಾಯ್ದೆ ಹೇಳುತ್ತದೆ. ಅದು ಜೀತದ ಸಾಲವಲ್ಲ ಎಂದು ಸಾಬೀತು ಮಾಡಬೇಕಾದವನು ದುಡಿಯುವವನಲ್ಲ, ಸಾಲ ಕೊಟ್ಟವನು. ಬಿಡುಗಡೆ ಪತ್ರ ಸಿಕ್ಕವರಿಗೆ ಪುನರ್ವಸತಿ ಹಣವಿದೆ: 2016ರ ಯೋಜನೆಯಂತೆ ಗಂಡಸಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ ರೂಪಾಯಿ. ಆ ಪತ್ರ ಕೈಸೇರುವವರೆಗೆ, ಆ ಹಣ ಖಾತೆಗೆ ಬರುವವರೆಗೆ ಕಚೇರಿಯ ಮೆಟ್ಟಿಲು ಅವರೊಬ್ಬರೇ ಹತ್ತುವಂತೆ ಬಿಡಬೇಡಿ. ಜೊತೆಗೆ ಹೋಗಿ.