ತಲೆಗೂದಲು ಕಳಿಸಿ ಮಾತ್ರೆ ತರಿಸುವ ಮುನ್ನ



ಮಗು ಸರಿಯಾಗಿ ಉಣ್ಣುವುದಿಲ್ಲ, ಓದಿನಲ್ಲಿ ಮನಸ್ಸು ನಿಲ್ಲುವುದಿಲ್ಲ. ಮಗಳ ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಮನೆಯ ತಾಯಿಗೆ ಮಧ್ಯಾಹ್ನವಾಗುವಷ್ಟರಲ್ಲಿ ಕೈಕಾಲು ಸೋತು ಬರುತ್ತದೆ. ಇಂಥ ದೂರು ಇಲ್ಲದ ಕುಟುಂಬವೇ ಇಲ್ಲವೆನ್ನಬಹುದು. ಇದಕ್ಕೆಲ್ಲ ಉತ್ತರವೆಂಬಂತೆ ಕೂದಲಿನ ಖನಿಜ ಪರೀಕ್ಷೆ, ಅಂದರೆ ಹೇರ್ ಮಿನರಲ್ ಟೆಸ್ಟ್, ನಮ್ಮ ಮುಂದೆ ಬಂದು ನಿಂತಿದೆ. ಸೂಜಿ ಚುಚ್ಚುವುದಿಲ್ಲ, ರಕ್ತ ತೆಗೆಯುವುದಿಲ್ಲ. ಕುತ್ತಿಗೆಯ ಮೇಲ್ಭಾಗದಿಂದ ಸ್ವಲ್ಪ ಕೂದಲು ಕತ್ತರಿಸಿ ಲಕೋಟೆಯಲ್ಲಿ ಕಳಿಸಿದರೆ ಸಾಕು. ಸತು ಎಷ್ಟು, ಮೆಗ್ನೀಸಿಯಂ ಎಷ್ಟು, ಸೀಸ ಎಷ್ಟು ಎಂದು ತೋರಿಸುವ ಬಣ್ಣಬಣ್ಣದ ವರದಿ ಬರುತ್ತದೆ. ಅದರ ಜೊತೆಗೆ ಯಾವ ಯಾವ ಮಾತ್ರೆ ನುಂಗಬೇಕೆಂಬ ಸಲಹೆಯೂ ಅನೇಕ ವೇಳೆ ಇರುತ್ತದೆ.

ಈ ವರದಿಯನ್ನು ನಂಬಿ ಮಕ್ಕಳಿಗೆ ಮಾತ್ರೆ ಕೊಡಬಹುದೆ? ಈ ತಿಂಗಳು ನಾವು ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿದ್ದೇವೆ.

ಕೂದಲು ಏನನ್ನು ಬಲ್ಲದು?

ಕೂದಲ ಪರೀಕ್ಷೆಯೆಲ್ಲ ಬರೀ ಬೂಟಾಟಿಕೆ ಎಂದು ತಳ್ಳಿಹಾಕುವುದು ಸರಿಯಲ್ಲ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಬುಡದಲ್ಲಿ ಕೂದಲು ರೂಪುಗೊಳ್ಳುವಾಗ ಆ ಹೊತ್ತಿಗೆ ರಕ್ತದಲ್ಲಿರುವ ಕೆಲವು ವಸ್ತುಗಳು ಅದರೊಳಗೆ ಸೇರಿಕೊಂಡು ಅಲ್ಲೇ ಉಳಿದುಬಿಡುತ್ತವೆ. ಆದ್ದರಿಂದ ಕೆಲವು ವಿಷಗಳ ಮಟ್ಟಿಗೆ ಕೂದಲು ಒಂದು ದಿನಚರಿ ಪುಸ್ತಕವಿದ್ದಂತೆ.

1971-72ರಲ್ಲಿ ಇರಾಕ್ ದೇಶದಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. ಬಿತ್ತನೆಗೆಂದು ಹೊರದೇಶದಿಂದ ತರಿಸಿದ ಗೋಧಿಗೆ, ಬೂಷ್ಟು ಹಿಡಿಯದಿರಲೆಂದು ಪಾದರಸದ ಔಷಧ ಬೆರೆಸಿದ್ದರು. ಹಳ್ಳಿಯ ಜನ ಅದನ್ನೇ ಬೀಸಿ ರೊಟ್ಟಿ ಮಾಡಿ ತಿಂದರು. ಆಸ್ಪತ್ರೆ ಸೇರಿದವರು 6,530 ಮಂದಿ, ಅಲ್ಲಿ ಪ್ರಾಣ ಬಿಟ್ಟವರು 459 ಮಂದಿ. ಯಾರ ಮೈಗೆ ಯಾವ ತಿಂಗಳಲ್ಲಿ ಎಷ್ಟು ಪಾದರಸ ಸೇರಿತ್ತೆಂಬುದನ್ನು ವಿಜ್ಞಾನಿಗಳು ಅವರ ಕೂದಲನ್ನು ತುಂಡು ತುಂಡಾಗಿ ಪರೀಕ್ಷಿಸಿ ಕಂಡುಕೊಂಡರು. ಪಶ್ಚಿಮ ಬಂಗಾಳದಲ್ಲಿ ಕೊಳವೆಬಾವಿಯ ನೀರಿನ ಮೂಲಕ ಆರ್ಸೆನಿಕ್ ವಿಷ ಜನರ ಮೈಸೇರಿದಾಗಲೂ ಕೂದಲು ಮತ್ತು ಉಗುರಿನ ಪರೀಕ್ಷೆ ನೆರವಾಯಿತು.

ಆದರೆ ಇಲ್ಲೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಈ ವಿಷ ಮೈಯೊಳಗೆ ಹೋಗಿತ್ತೆ, ಯಾವಾಗ, ಎಷ್ಟು? "ನನ್ನ ಮಗುವಿನ ಊಟದಲ್ಲಿ ಏನು ಕಡಿಮೆಯಾಗಿದೆ?" ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಹೇಳುವ ಶಕ್ತಿ ಕೂದಲಿಗೆ ಇದೆಯೆಂದು ತೋರಿಸಿಕೊಟ್ಟವರಿಲ್ಲ.

ಒಂದೇ ತಲೆ, ಆರು ವರದಿ

ಈ ವ್ಯಾಪಾರ ಮೊದಲು ಬೆಳೆದದ್ದು ಅಮೆರಿಕದಲ್ಲಿ. ಇದನ್ನು ಒರೆಗೆ ಹಚ್ಚಿ ನೋಡಿದವರೂ ಅಲ್ಲಿಯವರೇ. 1985ರಲ್ಲಿ ಸ್ಟೀಫನ್ ಬ್ಯಾರೆಟ್ ಎಂಬ ವೈದ್ಯರು ಆರೋಗ್ಯವಂತರಾದ ಇಬ್ಬರು ಹದಿಹರೆಯದ ಹುಡುಗಿಯರ ಕೂದಲನ್ನು 13 ಪ್ರಯೋಗಾಲಯಗಳಿಗೆ ಕಳಿಸಿದರು. ಫಲಿತಾಂಶಗಳು ಒಂದು ಪ್ರಯೋಗಾಲಯದಿಂದ ಇನ್ನೊಂದಕ್ಕೆ ತಾಳೆಯಾಗಲಿಲ್ಲ. ಒಂದೇ ಪ್ರಯೋಗಾಲಯಕ್ಕೆ ಒಂದೇ ತಲೆಯ ಕೂದಲನ್ನು ಎರಡು ಸಲ ಕಳಿಸಿದಾಗಲೂ ಅಂಕಿಗಳು ಬೇರೆಯಾದವು. ಆರೋಗ್ಯವಾಗಿದ್ದ ಆ ಹುಡುಗಿಯರಿಗೆ ಇಲ್ಲದ ಕಾಯಿಲೆಗಳ ಭಯ ಹುಟ್ಟಿಸುವ ಉದ್ದುದ್ದ ವರದಿಗಳು ಬಂದವು.

ಅದಾಗಿ ಹದಿನೈದು ವರ್ಷ ಕಳೆದ ಮೇಲೆ ಯಂತ್ರಗಳು ಸುಧಾರಿಸಿರಬಹುದೆಂದು ಕ್ಯಾಲಿಫೋರ್ನಿಯಾದ ಆರೋಗ್ಯ ಇಲಾಖೆಯ ಸಂಶೋಧಕರು ಮತ್ತೊಮ್ಮೆ ಪರೀಕ್ಷಿಸಿದರು. ಆರೋಗ್ಯವಂತ ವ್ಯಕ್ತಿಯೊಬ್ಬರ ಕೂದಲನ್ನು ಪಾಲು ಮಾಡಿ ಆರು ಪ್ರಯೋಗಾಲಯಗಳಿಗೆ ಕಳಿಸಿದರು. ಆ ದೇಶದ ಕೂದಲ ಖನಿಜ ಪರೀಕ್ಷೆಗಳಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಮಾಡುತ್ತಿದ್ದದ್ದು ಈ ಆರೇ ಸಂಸ್ಥೆಗಳು. 2001ರ ಜನವರಿಯಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಂಡದ್ದೇನು? ಹನ್ನೆರಡು ಖನಿಜಗಳಲ್ಲಿ ಅತಿ ಕಡಿಮೆ ಅಂಕಿಗೂ ಅತಿ ಹೆಚ್ಚು ಅಂಕಿಗೂ ಹತ್ತು ಪಟ್ಟಿಗಿಂತ ಹೆಚ್ಚಿನ ವ್ಯತ್ಯಾಸ! ಒಬ್ಬರು ಹೆಚ್ಚಾಗಿದೆ ಎಂದ ಖನಿಜವನ್ನು ಇನ್ನೊಬ್ಬರು ಕಡಿಮೆಯಾಗಿದೆ ಎಂದರು. ಆಹಾರ ಮತ್ತು ಮಾತ್ರೆಗಳ ಸಲಹೆಯೂ ಒಂದಕ್ಕೊಂದು ವಿರುದ್ಧ. ತರಕಾರಿ ಅಂಗಡಿಯ ತಕ್ಕಡಿ ಹೀಗೆ ತೂಗಿದರೆ ನಾವು ಸುಮ್ಮನಿರುತ್ತೇವೆಯೆ? ಔಷಧದ ವಿಷಯದಲ್ಲಿ ಮಾತ್ರ ಏಕೆ ಸುಮ್ಮನಿರಬೇಕು?

ಹೀಗೇಕೆ?

ಕೂದಲು ತಲೆಯಿಂದ ಹೊರಬಂದ ಮೇಲೆ ಅದು ಜೀವವಿಲ್ಲದ ಎಳೆ. ಹೊರಗಿನದೂ ಅದಕ್ಕೆ ಅಂಟುತ್ತದೆ. ತಲೆಹೊಟ್ಟಿಗೆ ಬಳಸುವ ಕೆಲವು ಶಾಂಪೂಗಳಲ್ಲಿ ಸತುವಿರುತ್ತದೆ, ಕೆಲವದರಲ್ಲಿ ಸೆಲೆನಿಯಂ ಇರುತ್ತದೆ. ಬಣ್ಣ ಹಚ್ಚಿದರೂ, ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ದಿನವೂ ಮಿಂದರೂ ಕೂದಲಿನ ಖನಿಜಗಳ ಲೆಕ್ಕ ಬದಲಾಗುತ್ತದೆ. ವರದಿಯಲ್ಲಿ "ಸತು ಸಾಕಷ್ಟಿದೆ" ಎಂದು ಬಂದರೆ ಅದು ಮಗು ತಿಂದ ಸತುವೋ ಶಾಂಪೂವಿನ ಸತುವೋ ಹೇಳುವುದು ಕಷ್ಟ.

ಇನ್ನೊಂದು ವಿಚಿತ್ರವನ್ನೂ ತಿಳಿದಿರಬೇಕು. ತೀವ್ರ ಅಪೌಷ್ಟಿಕತೆಯಿಂದ ಬಳಲುವ ಮಗುವಿನ ಕೂದಲು ನಿಧಾನವಾಗಿ ಬೆಳೆಯುತ್ತದೆ. ಹಾಗಾಗಿ ಮೈಯಲ್ಲಿ ಸತು ಕಡಿಮೆಯಿದ್ದರೂ ಕೂದಲಿನಲ್ಲಿ ಅದು ಸರಿಯಾಗಿಯೇ ಇರುವಂತೆ ತೋರಬಹುದು. ಅಂದರೆ ಯಾರಿಗೆ ಪೋಷಣೆ ಎಲ್ಲರಿಗಿಂತ ಹೆಚ್ಚಾಗಿ ಬೇಕೋ ಆ ಮಗುವಿನ ವಿಷಯದಲ್ಲೇ ಪರೀಕ್ಷೆ ಸುಳ್ಳಾಡಬಹುದು.

ಮಾತ್ರೆ ತಾನೇ, ಏನಾದೀತು?

"ವಿಟಮಿನ್ನು, ಖನಿಜ ತಾನೇ, ಒಳ್ಳೆಯದಾಗದಿದ್ದರೂ ಕೆಟ್ಟದಾಗದು" ಎಂದು ನಮ್ಮಲ್ಲಿ ಹಲವರು ಹೇಳುವುದುಂಟು. ಇದು ತಪ್ಪು ತಿಳಿವಳಿಕೆ. ಸತುವಿನ ಮಾತ್ರೆಯನ್ನು ಹೆಚ್ಚು ಪ್ರಮಾಣದಲ್ಲಿ ಬಹುಕಾಲ ನುಂಗಿದರೆ ದೇಹಕ್ಕೆ ಬೇಕಾದ ತಾಮ್ರ ಕಡಿಮೆಯಾಗುತ್ತದೆ. ಕಬ್ಬಿಣದ ಮಾತ್ರೆಯನ್ನು ಚಿಕ್ಕ ಮಕ್ಕಳು ಮಿಠಾಯಿಯೆಂದು ಹೆಚ್ಚು ತಿಂದರೆ ಪ್ರಾಣಕ್ಕೇ ಅಪಾಯ. 2008ರಲ್ಲಿ ಅಮೆರಿಕದ 10 ರಾಜ್ಯಗಳಲ್ಲಿ 201 ಮಂದಿ ಒಂದು ಪೌಷ್ಟಿಕ ದ್ರವ ಕುಡಿದು ಹಾಸಿಗೆ ಹಿಡಿದರು. 200 ಮೈಕ್ರೋಗ್ರಾಂ ಇರಬೇಕಾದ ಸೆಲೆನಿಯಂ ಅದರಲ್ಲಿ 40,800 ಮೈಕ್ರೋಗ್ರಾಂ ಇತ್ತು. ಅವರಲ್ಲಿ ಬಹಳ ಮಂದಿಯ ತಲೆಗೂದಲು ಉದುರಿತು.

ಇದಕ್ಕಿಂತ ನೋವಿನ ಸಂಗತಿಯೂ ಇದೆ. ಆಟಿಸಂ ಇರುವ ಮಕ್ಕಳ ತಂದೆತಾಯಂದಿರಿಗೆ "ಮಗುವಿನ ಮೈಯಲ್ಲಿ ಲೋಹದ ವಿಷ ಸೇರಿದೆ, ಅದನ್ನು ಹೊರತೆಗೆಯೋಣ" ಎಂದು ಹೇಳುವವರಿದ್ದಾರೆ. ಅದಕ್ಕೆ ಕೂದಲ ವರದಿಯನ್ನೇ ಆಧಾರವಾಗಿ ತೋರಿಸುವುದೂ ಉಂಟು. ಲೋಹ ತೆಗೆಯುವ ಈ ಔಷಧಕ್ರಮಕ್ಕೆ ಕೀಲೇಷನ್ ಎಂದು ಹೆಸರು. 2005ರ ಆಗಸ್ಟಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಟಿಸಂ ಇದ್ದ ಐದು ವರ್ಷದ ಬಾಲಕನಿಗೆ ಇಂಥ ಚಿಕಿತ್ಸೆ ಕೊಡುತ್ತಿದ್ದಾಗ ರಕ್ತದಲ್ಲಿನ ಕ್ಯಾಲ್ಸಿಯಂ ಕುಸಿದು ಅವನ ಹೃದಯ ನಿಂತುಹೋಯಿತು. ಸೀಸದ ಶಂಕೆ ನಿಜವಾಗಿಯೂ ಇದ್ದರೆ ಅದಕ್ಕೆ ರಕ್ತಪರೀಕ್ಷೆ ಇದೆ. ಕೂದಲ ವರದಿಯೊಂದನ್ನೇ ಹಿಡಿದು ಯಾರಾದರೂ ಮಗುವಿಗೆ ಡ್ರಿಪ್ ಹಾಕುತ್ತೇವೆಂದರೆ ದಯವಿಟ್ಟು ಒಪ್ಪಬೇಡಿ. ಮೊದಲು ಮಕ್ಕಳ ವೈದ್ಯರನ್ನು ಕಾಣಿ.

ಹಾಗಾದರೆ ಏನು ಮಾಡೋಣ?

ನಮ್ಮ ಮನೆಗಳ ದೊಡ್ಡ ಕೊರತೆ ಯಾವುದೆಂದು ತಿಳಿಯಲು ದೂರದ ಪ್ರಯೋಗಾಲಯ ಬೇಕಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆಯಿದೆ. ಸುಸ್ತು, ಏದುಸಿರು, ಓದಿನಲ್ಲಿ ಹಿಂದೆ ಬೀಳುವುದು, ಕೂದಲು ಉದುರುವುದು ಇವುಗಳ ಹಿಂದೆ ಅನೇಕ ವೇಳೆ ಇರುವುದು ಇದೇ. ಇದನ್ನು ತಿಳಿಸುವ ಹಿಮೋಗ್ಲೋಬಿನ್ ಪರೀಕ್ಷೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾಡುತ್ತಾರೆ. ಗರ್ಭಿಣಿಯಲ್ಲದ ಮಹಿಳೆಗೆ 12 ಗ್ರಾಂ, ಪುರುಷರಿಗೆ 13 ಗ್ರಾಂ ಇರಬೇಕು. ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆಯೆಂದು ನೋಡಲು ಫೆರಿಟಿನ್ ಎಂಬ ರಕ್ತಪರೀಕ್ಷೆ ಇದೆ. ಥೈರಾಯ್ಡ್, ಬಿ12, ಡಿ ವಿಟಮಿನ್ ಇವುಗಳಿಗೂ ರಕ್ತಪರೀಕ್ಷೆಯೇ ದಾರಿ. ಎಲ್ಲವನ್ನೂ ಎಲ್ಲರಿಗೂ ಮಾಡಿಸಬೇಕಾಗಿಲ್ಲ. ಯಾವುದು ಬೇಕೆಂದು ವೈದ್ಯರು ಮುಖ ನೋಡಿ, ಊಟ ಕೇಳಿ ಹೇಳಲಿ.

ಕೊರತೆ ಕಂಡರೆ ಅದರ ಕಾರಣವನ್ನೂ ಹುಡುಕಬೇಕು. ಹೊಟ್ಟೆಹುಳವಿರಬಹುದು, ಮುಟ್ಟಿನಲ್ಲಿ ಅತಿ ರಕ್ತಸ್ರಾವವಿರಬಹುದು, ಮೂಲವ್ಯಾಧಿಯಿರಬಹುದು. ವಯನಾಡು, ನೀಲಗಿರಿ ಕಡೆಯ ಕೆಲವು ಸಮುದಾಯಗಳಲ್ಲಿ ವಂಶದಿಂದ ಬರುವ ಸಿಕಲ್ ಸೆಲ್ ರಕ್ತಹೀನತೆಯೂ ಇದೆ. ಅದು ಬರೀ ಕಬ್ಬಿಣದ ಮಾತ್ರೆಯಿಂದ ವಾಸಿಯಾಗುವಂಥದ್ದಲ್ಲ. ಗರ್ಭಿಣಿಯರಿಗೆ, ಶಾಲಾ ಮಕ್ಕಳಿಗೆ ಸರ್ಕಾರ ಉಚಿತವಾಗಿ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ಅಲಕ್ಷ್ಯ ಮಾಡಿ ಸಾವಿರಾರು ರೂಪಾಯಿಯ ಡಬ್ಬಿಗಳ ಹಿಂದೆ ಹೋಗುವುದು ಜಾಣತನವಲ್ಲ.

ಗಡಿಯಾಚೆ ನೆಲೆಸಿರುವ ನಮಗೆ ಇನ್ನೊಂದು ತೊಡಕಿದೆ. ಮನೆಯ ಮಾತು ಕನ್ನಡ. ಆಸ್ಪತ್ರೆಯ ಮಾತು ಕಾಸರಗೋಡಿನಲ್ಲಿ ಮಲಯಾಳ, ಹೊಸೂರಿನಲ್ಲಿ ತಮಿಳು, ಸೋಲಾಪುರದಲ್ಲಿ ಮರಾಠಿ. ವರದಿ ಬರುವುದು ಇಂಗ್ಲಿಷಿನಲ್ಲಿ. ಅರ್ಥವಾಗದ ಕಾಗದ ಹೆಚ್ಚು ಪುಟವಿದ್ದಷ್ಟೂ ದೊಡ್ಡದೆಂದು ತೋರುತ್ತದೆ. ಹಿಂಜರಿಯದೆ ಈ ನಾಲ್ಕು ಪ್ರಶ್ನೆ ಕೇಳಿ:

1. ಈ ಪರೀಕ್ಷೆಯಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?

2. ಇದೇ ವಿಷಯ ತಿಳಿಯಲು ರಕ್ತಪರೀಕ್ಷೆ ಇಲ್ಲವೆ?

3. ಪರೀಕ್ಷೆ ಮಾಡುವವರೇ ಮಾತ್ರೆಯನ್ನೂ ಮಾರುತ್ತಾರೆಯೆ?

4. ಮಾತ್ರೆಯನ್ನು ಎಷ್ಟು ದಿನ ನುಂಗಬೇಕು, ಗುಣವಾಯಿತೆಂದು ಹೇಗೆ ತಿಳಿಯುವುದು?

ಮೂರನೆಯದಕ್ಕೆ ಹೌದೆಂಬ ಉತ್ತರ ಬಂದರೆ ಚೀಲದಿಂದ ಹಣ ತೆಗೆಯುವ ಮುನ್ನ ಇನ್ನೊಬ್ಬ ವೈದ್ಯರ ಮಾತು ಕೇಳಿ. ಈಗಾಗಲೇ ಮಾತ್ರೆ ನುಂಗುತ್ತಿರುವವರು ಡಬ್ಬಿಗಳನ್ನೆಲ್ಲ ವೈದ್ಯರಿಗೆ ತೋರಿಸಿ.

ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿದ್ದಾರೆ. ನಮ್ಮ ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹುರುಳಿ, ಸೊಪ್ಪು, ಮೊಟ್ಟೆ, ಮೀನು ಕೈಗೆಟಕುವಂತಿವೆ. ಸೊಪ್ಪಿನ ಪಲ್ಯದ ಮೇಲೆ ನಿಂಬೆ ಹಿಂಡಿದರೆ ಅದರ ಕಬ್ಬಿಣ ಮೈಗೆ ಹೆಚ್ಚು ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಕಡಿಮೆಯಾಗುತ್ತದೆ. ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆ ಬಿಡಿ. ಫೆಬ್ರವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಜಂತುಹುಳದ ಮಾತ್ರೆಯನ್ನು ಮಕ್ಕಳಿಗೆ ತಪ್ಪಿಸಬೇಡಿ. ನಿಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ಸುಸ್ತೆನ್ನುವವರು ಯಾರಾದರೂ ಇದ್ದರೆ ಈ ವಾರವೇ ಅವರನ್ನು ಕರೆದೊಯ್ದು ಹಿಮೋಗ್ಲೋಬಿನ್ ನೋಡಿಸಿ. ಅನೇಕ ಮನೆಗಳಲ್ಲಿ ಅದು ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣುವ ತಾಯಿಯೇ ಆಗಿರುತ್ತಾಳೆ.