ನೂರು ಕಂಡ ಕತ್ತರಿ, ಪೀಣ್ಯದ ಕೈಗಳು

1923ರಲ್ಲಿ ಪಿಶೆ ನಾರಾಯಣರಾಯರು ಬೆಂಗಳೂರಿನಲ್ಲಿ ಪಿ. ಎನ್. ರಾವ್ ಎಂಬ ಹೊಲಿಗೆಯಂಗಡಿ ತೆರೆದರು. ಆಗ ದಂಡಿನ ದೊರೆಸಾನಿಯರೇ ಗಿರಾಕಿಗಳು. 1947ರಲ್ಲಿ ಬಿಳಿಯರು ಗಂಟುಮೂಟೆ ಕಟ್ಟಿದರು. ಗಿರಾಕಿಯೇ ಹೋದಮೇಲೆ ಅಂಗಡಿಗೇನು ಗತಿ? ಮನೆಯವರು ಎದೆಗುಂದದೆ ಗಂಡಸರ ಸೂಟಿನತ್ತ ಕತ್ತರಿ ತಿರುಗಿಸಿದರು. ಸಿದ್ಧ ಉಡುಪಿನ ಹೊಡೆತವನ್ನೂ ತಾಳಿಕೊಂಡು 2023ಕ್ಕೆ ನೂರು ತುಂಬಿಸಿದರು. ಸಣ್ಣ ವ್ಯಾಪಾರಿಗಳು ಇದನ್ನು ಮೆಚ್ಚಲೇಬೇಕು, ನಾವೂ ಮೆಚ್ಚುತ್ತೇವೆ.

ಆದರೆ ಊರಾಚೆ ಪೀಣ್ಯಕ್ಕೆ ಬನ್ನಿ. ಅಲ್ಲಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಯುವವರು ಬಹುಮಟ್ಟಿಗೆ ಹೆಣ್ಣುಮಕ್ಕಳು. ಒಬ್ಬಳು ಕಾಲರು ಕೂಡಿಸಿದರೆ ಇನ್ನೊಬ್ಬಳು ತೋಳು. ಗಂಟೆಗೆ ಇಷ್ಟೆಂದು ಗುರಿ. ಹತ್ತು ವರ್ಷ ದುಡಿದವಳಿಗೂ ಅಳತೆ ಹಿಡಿದು ಒಂದು ಅಂಗಿ ಕತ್ತರಿಸುವ ವಿದ್ಯೆ ಅಲ್ಲಿ ದೊರೆಯದು. ಹಿಂದೆ ದರ್ಜಿಯಂಗಡಿಗೆ ಕಾಜ ಹೊಲಿಯಲು ಸೇರಿದ ಹುಡುಗ ಮುಂದೊಂದು ದಿನ ಕತ್ತರಿ ಹಿಡಿಯುತ್ತಿದ್ದ. (ಸಂಬಳದ ಮಾತು ಮಾತ್ರ ಕೇಳಬೇಡಿ!) ಇವಳು ಕೆಲಸ ಬಿಟ್ಟಾಗ ಕೈಗೆ ಬರುವುದು ಹೆಚ್ಚೆಂದರೆ ಭವಿಷ್ಯನಿಧಿ. ಅದರಲ್ಲಿ ಮಾಲೀಕನ ಪಾಲಿನ ಹಣ 58 ವರ್ಷದವರೆಗೆ ಸಿಗದೆಂದು ದಿಲ್ಲಿ ಆಜ್ಞೆ ಹೊರಡಿಸಿತಲ್ಲ, 2016ರ ಏಪ್ರಿಲ್‌ನಲ್ಲಿ ಸಾವಿರಾರು ಹೆಂಗಸರು ಬೀದಿಗಿಳಿದರು. ಎರಡೇ ದಿನದಲ್ಲಿ ಆಜ್ಞೆ ವಾಪಸಾಯಿತು.

ಹಳೆಯ ಅಂಗಡಿಯ ಕತ್ತರಿಗೆ ಮೊಮ್ಮಕ್ಕಳು ವಾರಸುದಾರರಾದರು. ಪೀಣ್ಯದ ಕತ್ತರಿಗೂ ವಾರಸುದಾರರು ಬೇಡವೇ? ಕತ್ತರಿಸುವ ಕೆಲಸವನ್ನು ಸರದಿಯ ಮೇಲೆ ಈ ಹೆಂಗಸರಿಗೆ ಕಲಿಸಬೇಕು, ಕಲಿತವರ ಕೂಲಿ ಏರಿಸಬೇಕು. ಮಾಲೀಕರು ತಾವಾಗಿ ಒಪ್ಪರೆಂದು ನಮಗೆ ಗೊತ್ತು. ಸಂಘಗಳು ತಮ್ಮ ಮುಂದಿನ ಬೇಡಿಕೆಪಟ್ಟಿಯಲ್ಲಿ ಇದನ್ನು ಬರೆಯಲಿ.