ಮಾರ್ಚ್‌ವರೆಗಿನ ಕೆಲಸ, ಇಪ್ಪತ್ತು ವರ್ಷದ ಕಂತು

ಬೆಳಗಿನ ರೈಲಿನಲ್ಲಿ ಸೀಟು ಬೇಕಿದ್ದರೆ ಮಾರಿಕುಪ್ಪಂನಲ್ಲೇ ಹತ್ತಬೇಕು. ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ ಸೇರುವಷ್ಟರಲ್ಲಿ ಬಾಗಿಲಲ್ಲೂ ಜನ. ಮೊನ್ನೆ ಪಕ್ಕದಲ್ಲಿದ್ದ ಹುಡುಗ ಮೊಬೈಲಿನಲ್ಲಿ ಒಂದು ಹಾಳೆಯ ಫೋಟೊ ತೋರಿಸಿದ. "ಸಾರ್, ತಿಂಗಳಿಗೆ ಎರಡು ಸಾವಿರ, ಇಪ್ಪತ್ತು ವರ್ಷ. ಕೊನೆಗೆ ಒಂಬತ್ತು ಲಕ್ಷ ಬರುತ್ತಂತೆ. ಮಧ್ಯೆ ನನಗೇನಾದ್ರೂ ಆದ್ರೆ ಮನೇಗೆ ಐದು ಲಕ್ಷ. ಕಟ್ಲಾ?"

ಕಟ್ಟುವುದು 4.80 ಲಕ್ಷ, ಬರುವುದು 9 ಲಕ್ಷ. ಕೇಳಲು ಚೆಂದ. ವರ್ಷದ ಬಡ್ಡಿಗೆ ಇಳಿಸಿದರೆ ಶೇ. 6 ಕೂಡ ಮುಟ್ಟುವುದಿಲ್ಲ. ಅಂಚೆ ಕಚೇರಿಯ ಪಿಪಿಎಫ್‌ನಲ್ಲಿ 2020ರ ಏಪ್ರಿಲ್‌ನಿಂದ ಶೇ. 7.1 ಇದೆ. ಆದರೆ ನನ್ನ ತಕರಾರು ಬಡ್ಡಿಯದ್ದಲ್ಲ. "ನಿನ್ನ ಕಾಂಟ್ರಾಕ್ಟ್ ಎಲ್ಲಿವರೆಗೆ?" ಎಂದೆ. "ಮಾರ್ಚ್‌ವರೆಗೆ."

ಇಪ್ಪತ್ತು ವರ್ಷ ಸಂಬಳ ತಪ್ಪುವುದಿಲ್ಲ ಎಂಬ ನಂಬಿಕೆ ಮೇಲೆ ನಿಂತಿರುವುದು ಈ ವಿಮೆ-ಉಳಿತಾಯದ ಜೋಡಿ. ನಮ್ಮೂರು ಕೆಜಿಎಫ್‌ನಲ್ಲಿ ಅದನ್ನು ನಂಬುವುದು ಹೇಗೆ? 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಲ್ಲಿಂದ ಮೂರು ಮೂರು ತಲೆಮಾರು ಚಿನ್ನದ ಗಣಿಯ ಶಾಫ್ಟಿಗೆ ಇಳಿದವು. 2001ರ ಫೆಬ್ರವರಿ 28ಕ್ಕೆ ಗಣಿ ಕಂಪನಿ ಬಿಜಿಎಂಎಲ್ ಬಾಗಿಲು ಹಾಕಿತು. ಗಣಿ ತ್ಯಾಜ್ಯದ ಸೈನೈಡ್ ಗುಡ್ಡಗಳು ಉಳಿದವು, ಸಂಬಳ ಉಳಿಯಲಿಲ್ಲ.

ಕಂತು ನಿಂತರೆ ಈ ಪಾಲಿಸಿಯಲ್ಲಿ ವಿಮೆ, ಉಳಿತಾಯ ಎರಡಕ್ಕೂ ಪೆಟ್ಟು. ಮೊದಲ ವರ್ಷದ ಕಂತಿನಲ್ಲಿ ದೊಡ್ಡ ಪಾಲು ಕಮಿಷನ್ನಿಗೇ ಹೋಗುತ್ತದೆ. 2024ರ ಅಕ್ಟೋಬರ್‌ನಿಂದ ಹೊಸ ನಿಯಮ ಬಂದು, ಒಂದು ವರ್ಷ ಪೂರ್ತಿ ಕಟ್ಟಿ ಬಿಟ್ಟವನಿಗೂ ಸರೆಂಡರ್ ಮಾಡಿದರೆ ಒಂದಿಷ್ಟು ಸಿಗುತ್ತದೆ. ಆದರೂ ಕಟ್ಟಿದಷ್ಟು ಕೈಗೆ ಬರುವುದಿಲ್ಲ. ಪಿಪಿಎಫ್ ಹಾಗಲ್ಲ, ಕೆಲಸ ಹೋದ ವರ್ಷ ಬರೀ 500 ರೂಪಾಯಿ ಹಾಕಿದರೂ ಖಾತೆ ಜೀವಂತ. ಟರ್ಮ್ ಪಾಲಿಸಿ ಎಂದರೆ ಬರೀ ವಿಮೆ, ಅದರಲ್ಲಿ ಉಳಿತಾಯವಿಲ್ಲ. ಅದರ ಕಂತು ನಿಂತರೆ ರಕ್ಷಣೆ ಹೋದೀತು, ಬೇರೆ ಕೂಡಿಟ್ಟ ಗಂಟು ಹೋಗದು. ಬ್ಯಾಂಕಿನಲ್ಲಿ ವರ್ಷಕ್ಕೆ 436 ರೂಪಾಯಿ ಕೊಟ್ಟರೆ ಪ್ರಧಾನಮಂತ್ರಿ ಜೀವನ ಜ್ಯೋತಿಯ ಎರಡು ಲಕ್ಷದ ವಿಮೆ ಇದ್ದೇ ಇದೆ. ಹುಡುಗನಿಗೆ ಅದೂ ಗೊತ್ತಿರಲಿಲ್ಲ.

ಪಾಲಿಸಿ ಅಂತ ಒಂದಿದ್ದದ್ದಕ್ಕೇ ನಾಲ್ಕು ಕಾಸು ಉಳಿಯಿತು, ಇಲ್ಲದಿದ್ದರೆ ಚೀಟಿಗೆ, ಮದುವೆಗೆ ಕರಗುತ್ತಿತ್ತು ಎನ್ನುವವರಿದ್ದಾರೆ. ಅದು ಸುಳ್ಳಲ್ಲ. ಮುಟ್ಟಲಾಗದ ದುಡ್ಡಿಗೆ ಅದರದ್ದೇ ಬೆಲೆಯಿದೆ. ಬೆಮೆಲ್ ಕಾರ್ಖಾನೆಯಲ್ಲಿ ಖಾಯಂ ನೌಕರಿ ಇರುವವರು ಬೇಕಿದ್ದರೆ ಆ ಬೆಲೆ ತೆರಲಿ. ಮಾರ್ಚ್‌ವರೆಗಿನ ಕೆಲಸದವನು ಯಾಕೆ ತೆರಬೇಕು?

ರೈಲು ಟೇಕಲ್ ದಾಟಿತ್ತು. ಹುಡುಗ ಫೋಟೊ ಮುಚ್ಚಿ, "ಏಜೆಂಟ್ ನಮ್ಮ ಸೋದರಮಾವನೇ ಸಾರ್, ಬೇಡ ಅಂತ ಹೆಂಗೆ ಹೇಳ್ಲಿ?" ಎಂದ.

ಟರ್ಮ್ ಪಾಲಿಸಿಯನ್ನು ಅವರ ಹತ್ತಿರವೇ ಮಾಡಿಸು ಎಂದೆ.